ತೋಳಕ್ಕೆ ಕೊಟ್ಟ ಮುಖ

"ಆ ತೋಳಕ್ಕೆ ನನ್ನ ಮುಖ ಯಾಕೆ ಕೊಟ್ರಿ?"

ಲೈಬ್ರರಿಯ ಕೊನೆಯ ಸಾಲಿನಿಂದ ಬಂದ ಪ್ರಶ್ನೆಗೆ ಟ್ಯಾಮ್‌ಸಿನ್ ಮೈಕ್ ಕೆಳಗಿಳಿಸಿದಳು.

ಟ್ಯಾಸ್ಮೇನಿಯಾದ ಆ ಸೇಬಿನ ಕಣಿವೆಗೆ ಅವಳು ತನ್ನ ಹೊಸ ಕಾದಂಬರಿಯ ಬಗ್ಗೆ ಮಾತಾಡಲು ಬಂದಿದ್ದಳು. "ಅಜ್ಜಿ ಕಥೆಯ ಕಾಡು, ತೋಳ... ಅದಕ್ಕೆ ಹಳೇ ಪೇಪರಿನ ಒಂದು ನಿಜವಾದ ಸುದ್ದಿ ಬೆರೆಸಿದೆ," ಎಂದು ಈಗಷ್ಟೇ ನಗುನಗುತ್ತಾ ಹೇಳಿದ್ದಳು. ಗೇಟಿನ ಬಳಿ ಕೆಂಪು ಗಂಬೂಟು ಬಿಟ್ಟು ಕಾಣೆಯಾದ ಹುಡುಗಿಯ ಸುದ್ದಿ. ಕಾದಂಬರಿಯಲ್ಲಿ ತೋಳ ಯಾರು? ಆ ಹುಡುಗಿಯ ಸ್ವಂತ ಅಣ್ಣ!

"ಅವಳು ಕರ್ಸ್ಟಿ. ನನ್ನ ತಂಗಿ. ಹನ್ನೊಂದು ವರ್ಷ ಆಯ್ತು," ಎಂದ ಆ ಎತ್ತರದ ಯುವಕ. ಕೋಪವಿರಲಿಲ್ಲ ಅವನ ಕಣ್ಣಲ್ಲಿ... ಬರೀ ಸುಸ್ತು.

ಅವನು ಹೊರಟುಹೋದ.

'ಅಯ್ಯೋ! ಅಣ್ಣ ಅಂದ್ರೆ ಪೇಪರಿನಲ್ಲಿ ಒಂದು ಸಾಲು ಅಷ್ಟೇ ಇತ್ತಲ್ಲ...'

ಲೈಬ್ರರಿಯ ಮುದುಕಿ ಡಾಟ್ ಅವಳ ಕೈಗೆ ಚಹಾ ಕೊಟ್ಟಳು. "ಹಾಮಿಶ್ ಪಾಪದವನು ಮಗಳೇ. ಪೊಲೀಸರು ಎರಡೇ ದಿನಕ್ಕೆ ಬಿಟ್ರು. ಊರಿನವರು ಅನುಮಾನ ಬಿಡೋಕೆ ಹತ್ತು ವರ್ಷ ಹಿಡೀತು. ನಿನ್ನ ಪುಸ್ತಕ ಒಂದೇ ವಾರದಲ್ಲಿ ಮತ್ತೆ ಹಿಡಿದು ಕೊಡ್ತು ನೋಡು."

ಬೆಳಗಾಗುತ್ತಲೇ ಟ್ಯಾಮ್‌ಸಿನ್ ಅವನ ತೋಟಕ್ಕೆ ಓಡಿದಳು.

ರಸ್ತೆ ಬದಿಯಲ್ಲಿ ಅವನ ಸೇಬಿನ ಗೂಡಂಗಡಿ. ಕಾಯಲು ಯಾರೂ ಇಲ್ಲ; ಬೇಕಾದವರು ಚೀಲ ಎತ್ತಿಕೊಂಡು ಡಬ್ಬಿಗೆ ಕಾಸು ಹಾಕಿ ಹೋಗುತ್ತಾರೆ. ಆ ಕಣಿವೆ ಬದುಕುವುದೇ ಹಾಗೆ, ನಂಬಿಕೆಯ ಮೇಲೆ. ಈಗ ಚೀಲಗಳು ಮುಟ್ಟುವವರಿಲ್ಲದೆ ಕೊಳೆಯುತ್ತಿದ್ದವು.

ಗೇಟಿನ ಬಳಿ... ಕೆಂಪು ಗಂಬೂಟು! ತಲೆಕೆಳಗಾಗಿ, ಎರಡು ಗೂಟಗಳ ಮೇಲೆ.

"ಯಾಕೆ ಹೀಗೆ?" ಅವಳು ಕೇಳಿದಳು.

"ನೆಟ್ಟಗಿಟ್ರೆ ಒಳಗೆ ಜೇಡ ಸೇರ್ಕೊಳ್ಳುತ್ತೆ," ಎಂದ ಹಾಮಿಶ್, ಹಿಂದಿನಿಂದ. "ಬಂದವಳು ಕಾಲು ಹಾಕಿದ್ರೆ?"

ಟ್ಯಾಮ್‌ಸಿನ್ ಆ ಗಂಬೂಟನ್ನೇ ನೋಡಿದಳು. ಅವಳ ಕಾದಂಬರಿಯಲ್ಲಿ ಗಂಬೂಟು ನೆಟ್ಟಗೆ ನಿಂತಿದ್ದವು. ಹನ್ನೊಂದು ವರ್ಷ ತಂಗಿಗಾಗಿ ಜೇಡಕ್ಕೆ ಹೆದರಿದವನು ತೋಳ ಹೇಗಾದಾನು?

ಪ್ರಕಾಶಕರಿಗೆ ಫೋನ್ ಮಾಡಿದಳು. ಅತ್ತಳು, ಬೇಡಿದಳು.

"ಹುಚ್ಚಾ ನಿಂಗೆ? ಎಲ್ಲಾ ಅಂಗಡಿ ಸೇರಾಯ್ತು. ವಾಪಸ್ ತರೋಕಾಗಲ್ಲ!"

ತಾನೇ ಬಿಟ್ಟ ತೋಳ... ತನ್ನ ಮಾತೇ ಕೇಳುತ್ತಿಲ್ಲ!

ಅವಳು ಡಾಟ್ ಮನೆಯಲ್ಲೇ ಉಳಿದಳು. ದಿನವೂ ಸೇಬಿನ ಗೂಡಂಗಡಿಯ ಪಕ್ಕ ಕೂತಳು. ಕಾರುಗಳು ನಿಧಾನವಾಗುತ್ತಿದ್ದವು, ನೋಡುತ್ತಿದ್ದವು, ಹೋಗುತ್ತಿದ್ದವು. ಹಾಮಿಶ್ ದೂರದಿಂದ ನೋಡುತ್ತಿದ್ದ. ಒಂದು ದಿನ ಒಂದು ಕುರ್ಚಿ ತಂದಿಟ್ಟು ಹೋದ. ಅವಳಿಗೆ ಯಾಕೋ ಖುಷಿಯಾಯಿತು.

ಮೂರನೇ ವಾರ ಅವಳು ಪೆನ್ನು ಹಿಡಿದಿರುವುದನ್ನು ಕಂಡ. ಅವನ ಮುಖ ಕಪ್ಪಿಟ್ಟಿತು.

"ಮತ್ತೆ ಬರೀತಿದ್ದೀರಾ? ಈ ಸಲ ಏನು, ತೋಳ ಸೇಬು ಮಾರುತ್ತಾ?"

ಅವಳ ಮಡಿಲಲ್ಲಿದ್ದ ಪುಸ್ತಕವನ್ನು ಕಿತ್ತುಕೊಂಡ. ಅವಳದೇ ಕಾದಂಬರಿ. ಮೊದಲ ಪುಟದಲ್ಲಿ ಹಸಿ ಶಾಯಿ:

'ಈ ತೋಳ ಬರೀ ನನ್ನ ಕಟ್ಟುಕಥೆ. ನಿಜವಾದ ಅಣ್ಣ ಇನ್ನೂ ತಂಗಿಗಾಗಿ ಕಾಯುತ್ತಿದ್ದಾನೆ.'

ಅವಳ ಕಾಲ ಬಳಿ ಅಂಥವೇ ಪುಸ್ತಕ ತುಂಬಿದ ಮೂರು ರಟ್ಟಿನ ಪೆಟ್ಟಿಗೆ! ಸುತ್ತಲ ಊರುಗಳ ಅಂಗಡಿ, ಲೈಬ್ರರಿಗಳಿಂದೆಲ್ಲ ಹೊತ್ತು ತಂದಿದ್ದಳು.

"ಸಿಕ್ಕಿದ್ದಕ್ಕೆಲ್ಲಾ ಬರೆದೆ," ಎಂದಳು ಬಿಕ್ಕುತ್ತಾ. "ಉಳಿದಿದ್ದು ಸಾವಿರಾರು ಇವೆ ಹಾಮಿಶ್... ನನ್ನ ಕೈಲಿ ಆಗ್ತಿಲ್ಲ!"

ಅವನು ಅವಳ ಶಾಯಿ ಮೆತ್ತಿದ ಬೆರಳುಗಳನ್ನು ಹಿಡಿದ. ತುಂಬಾ ಹೊತ್ತು ಬಿಡಲಿಲ್ಲ.

"ನಂಗೂ ಆಗ್ತಿಲ್ಲ, ಟ್ಯಾಮ್. ಹನ್ನೊಂದು ವರ್ಷದಿಂದ. ಒಬ್ಬನೇ ಇದ್ದೆ..." ಅವನು ಕುರ್ಚಿಯತ್ತ ನೋಡಿದ. "ಈಗ ನೀನು ಎದ್ದು ಹೋದ್ರೆ ಆ ಖಾಲಿ ಕುರ್ಚಿ ನೋಡೋಕಾಗಲ್ಲ ನನಗೆ."

"ನನ್ನನ್ನ ಪ್ರೀತಿಸ್ತೀಯಾ? ನಾನು ಇಷ್ಟೆಲ್ಲಾ ಮಾಡಿದ ಮೇಲೂ?"

"ಬೇಡ ಅಂತ ತುಂಬಾ ಹೇಳ್ಕೊಂಡೆ. ಮನಸ್ಸು ಕೇಳಲಿಲ್ಲ."

ಅವಳು ಅವನ ಎದೆಗೊರಗಿದಳು. ಗಾಳಿಗೆ ಒಂದು ಗಂಬೂಟು ಕೆಳಗೆ ಬಿತ್ತು. ಟ್ಯಾಮ್‌ಸಿನ್ ಹೋಗಿ ಎತ್ತಿದಳು, ಒಳಗಿಣುಕಿ ಜೇಡವಿಲ್ಲವೆಂದು ನೋಡಿದಳು, ಮತ್ತೆ ತಲೆಕೆಳಗಾಗಿಸಿ ಗೂಟಕ್ಕೆ ಸಿಕ್ಕಿಸಿದಳು.

"ಬರ್ತಾಳಾ ಅವಳು?"

"ಗೊತ್ತಿಲ್ಲ." ಅವನು ಪಕ್ಕಕ್ಕೆ ಬಂದು ನಿಂತ. "ನಿನ್ನ ಮುಂದಿನ ಪುಸ್ತಕದಲ್ಲಿ ನನ್ನ ಏನು ಮಾಡ್ತೀಯ?"

"ಪುಸ್ತಕದಲ್ಲಿ ನೀನಿರಲ್ಲ, ಹಾಮಿಶ್."

"ಮತ್ತೆ?"

"ಇಲ್ಲಿರ್ತೀಯ. ನನ್ನ ಜೊತೆ."