ರೈನರ್ ಸರ್ ಅಂಗಿಯ ತೋಳು

ನಾನು ಆಗ ದೋಹಾದ ನಜ್ಮಾದಲ್ಲಿ ಟೈಲರ್ ಆಗಿದ್ದೆ. ನನ್ನ ತಮ್ಮ ಝುಬೈರ್, ಮದೀನತ್ ಖಲೀಫಾದಲ್ಲಿದ್ದ ರೈನರ್ ಎಂಬ ಜರ್ಮನ್ ಎಂಜಿನಿಯರರ ಡ್ರೈವರ್. ರೈನರ್ ಬಳಿ ಐನೂರು ವರ್ಷ ಹಳೆಯ ಜರ್ಮನ್ ಪುಸ್ತಕವೊಂದರ ಪ್ರತಿ ಇತ್ತು. ಅದರ ತುಂಬ ಬರಿಗೈ ಕುಸ್ತಿಯ ಚಿತ್ರಗಳು. ಪ್ರತಿ ಶುಕ್ರವಾರ ಬೆಳಿಗ್ಗೆ ಇಬ್ಬರೂ ಚಿತ್ರ ನೋಡಿಕೊಂಡು ಆ ಪಟ್ಟುಗಳನ್ನು ಹಾಕುತ್ತಿದ್ದರು. ಅದಕ್ಕೆಂದೇ ದಪ್ಪ ಬಟ್ಟೆಯ ಅಂಗಿಗಳನ್ನು ನಾನೇ ಹೊಲಿದುಕೊಟ್ಟಿದ್ದೆ.

೧೯೯೬ರಲ್ಲಿ ಝುಬೈರ್ ಅಲ್ ರಯ್ಯಾನ್ ರಸ್ತೆಯ ಅಪಘಾತದಲ್ಲಿ ತೀರಿಕೊಂಡ.

ಎರಡು ತಿಂಗಳ ನಂತರ ರೈನರ್ ತಾವು ತೊಡುವ ಅಂಗಿ ತಂದರು. ಎಡತೋಳು ಭುಜದ ಹೊಲಿಗೆಯಿಂದ ಕಿತ್ತುಬಂದಿತ್ತು. ಹೊಲಿದುಕೊಟ್ಟೆ. ಮರುವಾರ ಅದೇ ತೋಳು ಮತ್ತೆ ಕಿತ್ತುಹೋಗಿತ್ತು. ಯಾರೋ ಹಿಡಿದೆಳೆದಂತೆ ಬಟ್ಟೆ ಮುದುಡಿತ್ತು, ಝುಬೈರ್ ಹಚ್ಚುತ್ತಿದ್ದ ಅತ್ತರಿನ ವಾಸನೆ ಬರುತ್ತಿತ್ತು.

"ಈಗ ಯಾರ ಜೊತೆ ಆಡ್ತೀರಿ ಸರ್?" ಎಂದು ಕೇಳಿದೆ.

ಅವರು ತಲೆ ತಗ್ಗಿಸಿದರು. "ಕಾರ್ಪೆಟ್ ಮೇಲೆ ಕೈ ಚಾಚಿ ನಿಲ್ತೇನೆ, ಅಷ್ಟೇ. ಬಂದು ನೋಡು."

ಶುಕ್ರವಾರ ಹೋದೆ. ಎಸಿ ಓಡುತ್ತಿದ್ದರೂ ಕೋಣೆ ಬಿಸಿಲಿಗೆ ನಿಲ್ಲಿಸಿದ ಕಾರಿನಂತೆ ಕಾದಿತ್ತು. ರೈನರ್ ಕೈ ಚಾಚಿದರು. ಅವರ ತೋಳಿನ ಬಟ್ಟೆ ತಾನಾಗಿ ಬಿಗಿಯಿತು. ಎರಡು ಹೆಜ್ಜೆ ಹಿಂದೆ ಸರಿದು ಬಿದ್ದರು. ಎದುರಿಗೆ ಕಾರ್ಪೆಟ್ಟಿನಲ್ಲಿ ಎರಡು ಪಾದಗಳು ಒತ್ತಿದ ಗುರುತಿತ್ತು.

"ಅವ ಏನಾದ್ರೂ ಹೇಳ್ತಾನಾ ಸರ್?"

"'ಖಲಾಸ್ ಸರ್' ಅಂತಾನೆ. ಆಮೇಲೆ ನಗ್ತಾನೆ."

ನನಗೆ ಏನೂ ಕೇಳಿಸಿರಲಿಲ್ಲ.

ಮುಂದಿನ ಆರು ಶುಕ್ರವಾರ ನಾನೂ ಅಲ್ಲಿಗೆ ಹೋಗಿ, ತಮ್ಮನ ಹೆಸರು ಕರೆದು, ಮಸೀದಿಯಲ್ಲಿ ಜುಮಾದ ಬಾಂಗ್ ಆಗುವವರೆಗೂ ಕೈ ಚಾಚಿ ನಿಂತೆ. ನನ್ನನ್ನು ಯಾರೂ ಮುಟ್ಟಲಿಲ್ಲ.