ಖಾಲಿ ಹೊಟ್ಟೆಯ ಮಾತ್ರೆ

ಹದಿನೆಂಟು ವರ್ಷ ಗೆಸೀನೆ ಕಾದಿದ್ದಳು. ಲುಡ್ಗರ್ ಫೆಲ್ಡ್‌ಹೌಸ್ ಒಂದಲ್ಲ ಒಂದು ದಿನ ತನ್ನೆದುರು ಕೈಯೊಡ್ಡಿ ನಿಲ್ಲಬೇಕು, ಆಗ ಅವನಿಗೆ ಸರಿಯಾಗಿ ಬುದ್ಧಿ ಕಲಿಸಬೇಕು ಎಂದು. ಅವನು ಬಂದದ್ದು ಒಂದು ಮಂಗಳವಾರ ಬೆಳಗ್ಗೆ, ಹಾಟಿಂಗೆನ್ ಪೇಟೆಯಲ್ಲಿದ್ದ ಅವಳ ಔಷಧದ ಅಂಗಡಿಗೆ. ಎಡಗೈಯಲ್ಲಿ ಊರುಗೋಲು, ಬಲಗೈಯಲ್ಲಿ ಡಾಕ್ಟರ ಚೀಟಿ.

"ಗೆಸೀನೆ! ಅಯ್ಯೋ, ನೀನಾ?"

"ಚೀಟಿ ಕೊಡಿ, ಫೆಲ್ಡ್‌ಹೌಸ್ ಅವರೇ."

"ಇದೇನು ಬಹುವಚನ?"

"ಗಿರಾಕಿಗಳಿಗೆ ಮರ್ಯಾದೆ ಕೊಡಬೇಕಲ್ವಾ?"

ಅವನು ನಕ್ಕ. ನಗುವಾಗ ಬಾಯಿಯ ಒಂದೇ ಬದಿ ಮೇಲೇಳುವ ಅವನ ಹಳೆಯ ಅಭ್ಯಾಸ ಹಾಗೇ ಇತ್ತು. ಅದು ತನಗಿನ್ನೂ ನೆನಪಿದೆ ಎಂಬುದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು.

ಚೀಟಿ ಓದಿದಳು. ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಕಾಯಿಲೆ. ಕೆಳಗೆ ಹೊಸದಾಗಿ ಬಂದ ಮಾತ್ರೆಯ ಹೆಸರು. ಅವಳಿಗೆ ನಗು ತಡೆಯಲಾಗಲಿಲ್ಲ. ಹೊಸದೇನು ಬಂತು ಮಣ್ಣು! ಇಪ್ಪತ್ತಮೂರನೇ ವಯಸ್ಸಿನಿಂದ ತನ್ನ ಸೋರಿಯಾಸಿಸ್‌ಗೆ ಅವಳು ನುಂಗುತ್ತಾ ಬಂದದ್ದೂ ಇದೇ ಮದ್ದು. ಚರ್ಮರೋಗದವರು ಮುಖ ಕೆಂಪಗಾಗಿಸಿಕೊಂಡು, ಹೊಟ್ಟೆ ಹಿಂಡಿಸಿಕೊಂಡು ವರ್ಷಗಟ್ಟಲೆ ಅದನ್ನು ತಿಂದರು. ಆಮೇಲೆ ನರರೋಗದ ಡಾಕ್ಟರುಗಳು ಅದರತ್ತ ಕಣ್ಣು ಹಾಯಿಸಿ, ಇದು ತಮ್ಮ ರೋಗಿಗಳಿಗೂ ಒಳ್ಳೆಯದೇ ಎಂದರು. ಯಾವ ಕಾಯಿಲೆಗೆ ಅವನು ಮುಖ ಸಿಂಡರಿಸಿದ್ದನೋ ಅದರ ಮದ್ದಿಗೇ ಈಗ ಕೈ ಚಾಚಿದ್ದ.

ಹದಿನೆಂಟು ವರ್ಷದ ಹಿಂದಿನ ಆ ಬೇಸಿಗೆ ಅವಳಿಗೆ ಒಂದು ದಿನವೂ ಮರೆತಿರಲಿಲ್ಲ. ಊರ ಈಜುಕೊಳದ ಹುಲ್ಲಿನ ಮೇಲೆ ಇಬ್ಬರ ಟವೆಲ್‌ಗಳು ಅಂಟಿಕೊಂಡೇ ಹಾಸಿದ್ದವು. ಅವನ ದೋಣಿ ಕ್ಲಬ್ಬಿನ ಗೆಳೆಯರು ಬಂದರು. ಒಬ್ಬ ಅವಳ ಬೆನ್ನಿನ ಹೊಪ್ಪಳೆ ನೋಡಿ, "ಇದು ಅಂಟುತ್ತಾ?" ಎಂದ. ಲುಡ್ಗರ್ ತನ್ನ ಟವೆಲನ್ನು ಒಂದು ಮಾರು ಆಚೆ ಎಳೆದುಕೊಂಡು, "ಗೊತ್ತಿಲ್ಲಪ್ಪ, ಯಾರೋ ಪಕ್ಕದವರು," ಎಂದುಬಿಟ್ಟ. ಅಂದಿನಿಂದ ಗೆಸೀನೆ ಗಿಡ್ಡ ತೋಳಿನ ಅಂಗಿ ತೊಟ್ಟಿಲ್ಲ.

ಈ ಮಾತ್ರೆ ಕೊಡುವಾಗ ಹೇಳಬೇಕಾದ ಮಾತು ಅವಳಿಗೆ ಬಾಯಿಪಾಠ. ಹೊಟ್ಟೆ ತುಂಬ ತಿಂದು, ಗಟ್ಟಿ ಮೊಸರೋ ಬೆಣ್ಣೆಯೋ ಇದ್ದರೆ ಇನ್ನೂ ಒಳ್ಳೆಯದು, ಆಮೇಲೆ ತಗೊಳ್ಳಿ. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಮುಖ ಕೆಂಡವಾಗುತ್ತದೆ.

"ಯಾವಾಗ ಶುರು ಮಾಡ್ತೀರಾ?" ಎಂದು ಕೇಳಿದಳು.

"ಭಾನುವಾರ. ಹನ್ನೊಂದಕ್ಕೆ ಚರ್ಚಿನಲ್ಲಿ ನಮ್ಮ ತಂಡದ ಗಾಯನ ಇದೆ. ಒಂದು ಹಾಡು ನಾನೊಬ್ಬನೇ ಹಾಡ್ತೀನಿ. ಮಾತ್ರೆ ತಗೊಂಡೇ ಹೋದ್ರೆ ಒಂದು ಧೈರ್ಯ."

"ಹಾಡೋಕೆ ಮುಂಚೆ ಏನಾದ್ರೂ ತಿಂತೀರಾ?"

"ಇಲ್ಲ. ಬರೀ ಕಪ್ಪು ಕಾಫಿ."

"ಒಳ್ಳೇದು."

ಅವನು ಅಲ್ಲೇ ನಿಂತಿದ್ದ. "ಅಷ್ಟೇನಾ? ಇನ್ನೇನೂ ಹೇಳಲ್ವಾ?"

"ಅಷ್ಟೇ," ಎಂದಳು ಗೆಸೀನೆ, ಅವನ ಕಣ್ಣನ್ನೇ ನೋಡುತ್ತಾ.

ಭಾನುವಾರ ಮೊದಲ ಸಾಲಿನಲ್ಲೇ ಹೋಗಿ ಕುಳಿತಳು. ಜುಲೈ ಸೆಖೆಗೂ ಉದ್ದ ತೋಳು. ತುಟಿಗೆ ಬಣ್ಣ ಹಚ್ಚಿದ್ದಳು, ಹಬ್ಬಕ್ಕೆ ಹೊರಟವಳಂತೆ. ಲುಡ್ಗರ್ ಊರುಗೋಲು ಊರಿ ಮುಂದೆ ಬಂದ. ಎರಡನೇ ಸಾಲು ಹಾಡುವಷ್ಟರಲ್ಲಿ ಕುತ್ತಿಗೆಯಲ್ಲಿ ಕೆಂಪು ಹತ್ತಿತು. ಅಲ್ಲಿಂದ ಕೆನ್ನೆಗೆ, ಕಿವಿಗೆ, ಹಣೆಗೆ ಏರಿತು. ಜನ ಪಿಸುಗುಟ್ಟಿದರು. ಅವನ ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ಒಂದು ಹೆಜ್ಜೆ ಆಚೆ ಸರಿದಳು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಗೆಸೀನೆ ನೋಡಿದಳು. ಸಿಹಿಯಾಗಿತ್ತು ಆ ಗಳಿಗೆ, ಹೊಟ್ಟೆಯೊಳಗೆ ಹಾಲು ಹೊಯ್ದಂತೆ. ಅವನು ಮಾತ್ರ ಹಾಡು ನಿಲ್ಲಿಸಲಿಲ್ಲ. ಅವಳನ್ನೇ ನೋಡುತ್ತಾ ಕೊನೆಯ ಸಾಲಿನವರೆಗೂ ಹಾಡಿದ.

ಮುಗಿದ ಮೇಲೆ ಅವನು ಹೊರಗಿನ ಬೆಂಚಿನಲ್ಲಿ ಹೊಟ್ಟೆ ಹಿಡಿದು ಕುಳಿತಿದ್ದ. ಅವಳು ಎದುರಿಗೆ ಹೋಗಿ ನಿಂತಳು.

"ಹೇಗಿದೆ, ಫೆಲ್ಡ್‌ಹೌಸ್ ಅವರೇ? ಅಂಟುತ್ತಾ ಇದು?"

"ಮೈಯೆಲ್ಲ ಉರೀತಿದೆ."

"ತಿಂದು ತಗೋಬೇಕಿತ್ತು. ನಾನೇ ಹೇಳಲಿಲ್ಲ. ಬೇಕಂತಲೇ."

"ಗೊತ್ತು," ಎಂದ ಲುಡ್ಗರ್. "ಡಾಕ್ಟರು ಎರಡು ಸಲ ಹೇಳಿದ್ರು. ಹೊಟ್ಟೆ ತುಂಬ ತಿನ್ನಿ ಅಂತ ಬೇರೆ ಕಾಗದದಲ್ಲೂ ಬರೆದುಕೊಟ್ಟಿದ್ರು. ನೀನು ಹೇಳ್ತೀಯಾ ಅಂತ ಅಂಗಡೀಲಿ ಕಾದೆ. ನೀನು ಆ ಮಾತು ನುಂಗಿಕೊಂಡೆ. ಆಗ ನಿನಗೆ ಏನು ಬೇಕು ಅಂತ ಗೊತ್ತಾಯ್ತು. ಬೆಳಗ್ಗೆ ಬ್ರೆಡ್ಡು ಬೆಣ್ಣೆ ಮೇಜಿನ ಮೇಲೇ ಇತ್ತು. ಮುಟ್ಟಲಿಲ್ಲ."

ಗೆಸೀನೆಗೆ ಎಲ್ಲಿತ್ತೋ ಸಿಟ್ಟು!

"ಥೂ ನಿನ್ನ! ಹದಿನೆಂಟು ವರ್ಷ ಕಾದಿದ್ದು ನಾನು. ಅದನ್ನೂ ನೀನೇ ದಾನ ಮಾಡಿದ ಹಾಗೆ ಮಾಡಿಬಿಟ್ಯಲ್ಲೋ! ನನ್ನ ಸೇಡು ನನಗೆ ವಾಪಸ್ ಕೊಡು!"

ಅವಳು ಅಳುತ್ತಿದ್ದಳು. ಚರ್ಚಿನಿಂದ ಹೊರಬರುತ್ತಿದ್ದವರು ತಿರುಗಿ ತಿರುಗಿ ನೋಡಿದರು.

"ಅವತ್ತು ನಾನು ಹೇಡಿ," ಎಂದ ಅವನು ಮೆಲ್ಲಗೆ. "ಆ ಮಾತು ಆಡಿದ ಕ್ಷಣವೇ ಗೊತ್ತಾಯ್ತು, ನಿನ್ನಂಥವಳು ನನಗೆ ಇನ್ನು ಸಿಗಲ್ಲ ಅಂತ. ಸಿಗಲೂ ಇಲ್ಲ. ಇಡೀ ಊರಿನ ಮುಂದೆ ಹೇಳು ಅಂದ್ರೂ ಹೇಳ್ತೀನಿ. ಕೂಗ್ಲಾ?"

"ಬಾಯ್ಮುಚ್ಚು. ಮೊದಲೇ ಟೊಮೇಟೊ ಥರ ಆಗಿದೀಯ."

ಅವನು ನಕ್ಕ. ಬಾಯಿಯ ಅದೇ ಒಂದು ಬದಿ. ಅವಳು ಮೂಗೊರೆಸಿಕೊಂಡು ಅವನ ಪಕ್ಕದಲ್ಲಿ, ಮೈ ತಾಗುವಷ್ಟು ಹತ್ತಿರ, ಧಪ್ಪನೆ ಕುಳಿತಳು.

"ಇಷ್ಟಕ್ಕೆ ಮುಗೀತು ಅಂದ್ಕೋಬೇಡ. ನಿನಗೆ ಶಿಕ್ಷೆ ಬೇರೆ ಇದೆ. ದಿನಕ್ಕೆ ಎರಡು ಮಾತ್ರೆ. ಎರಡು ಹೊತ್ತೂ ನನ್ನ ಕಣ್ಣೆದುರಿಗೇ ಕೂತು ಹೊಟ್ಟೆ ತುಂಬ ತಿಂದು ನುಂಗಬೇಕು."

"ಎಷ್ಟು ದಿನ?"

"ಡಾಕ್ಟರು ನಿಲ್ಲಿಸು ಅನ್ನೋವರೆಗೆ."

"ಇದನ್ನ ಜೀವನ ಪೂರ್ತಿ ತಗೋಬೇಕಂತೆ, ಗೆಸೀನೆ."

"ಗೊತ್ತು," ಎಂದಳು ಅವಳು. "ಏಳು, ಊಟಕ್ಕೆ ಹೊತ್ತಾಯ್ತು."