ದಾತುವಿನ ಹೊದಿಕೆ

1966ರ ನವೆಂಬರ್ 14, ಸೋಮವಾರ ಬೆಳಗ್ಗೆ ಹತ್ತೂವರೆಗೆ ವಡೋದರಾದ ಠಾಣೆಗೆ ದೂರು ಬಂತು. ತಂದವರು ಇತಿಹಾಸದ ಪ್ರಾಧ್ಯಾಪಕ ಅನಂತರಾಮ, ಮೈಸೂರು ಕಡೆಯವರು. ಅವರ ಸಂಶೋಧನಾ ಕೇಂದ್ರದ ಕಪಾಟಿನಿಂದ ಐದಾರು ಶತಮಾನ ಹಳೆಯ ವಸ್ತ್ರವೊಂದು ಕಾಣೆಯಾಗಿತ್ತು. ಬೀಗ ಒಡೆದಿರಲಿಲ್ಲ.

ಇನ್ಸ್‌ಪೆಕ್ಟರ್ ಭೀಮಸೇನ ಹುಯಿಲಗೋಳ ಗದಗದವರು. ಧಾರವಾಡವೂ ವಡೋದರಾವೂ ಮುಂಬಯಿ ಸರ್ಕಾರದ ಕೈಯಲ್ಲಿದ್ದಾಗ ಪೊಲೀಸ್ ಸೇರಿ, ರಾಜ್ಯಗಳು ಒಡೆದ ಮೇಲೂ ಇಲ್ಲೇ ಉಳಿದವರು. ಹೆಂಡತಿ ಸಾವಿತ್ರಿ ಕೊಟ್ಟ ಚಹಾವನ್ನೂ ಮೂಸಿ ನೋಡಿಯೇ ಕುಡಿಯುವ ಆಸಾಮಿ. ಕನ್ನಡದ ದನಿ ಕೇಳಿ ಖುಷಿಯಾಯಿತು, ಆದರೆ ಖುಷಿ ಬೇರೆ, ನಂಬಿಕೆ ಬೇರೆ.

“ಕೀಲಿ ಯಾರ ಕಡೆ ಇರ್ತಾವ್ರೀ?”

“ನನ್ನ ಹತ್ರ ಒಂದು, ಲಿಗಾಯಾ ಹತ್ರ ಒಂದು. ಫಿಲಿಪೈನ್ಸ್ ಹುಡುಗಿ, ನಮ್ಮಲ್ಲಿ ಸಂಶೋಧನೆಗೆ ಬಂದವಳು. ವಸ್ತ್ರ ತಂದವಳೇ ಅವಳು. ಅವಳೇ ಮಾರಿರ್ಬೇಕು ಸಾರ್. ಹಳೇ ಪಟೋಲಾ ರೇಷ್ಮೆ ಅಂದ್ರೆ ಸೂರತ್ ವ್ಯಾಪಾರಿಗಳು ಬಾಯ್ಬಾಯಿ ಬಿಡ್ತಾರೆ.”

ಎಫ್‌ಐಆರ್ ದಾಖಲಾಯಿತು. ಲಿಗಾಯಾಳ ಪಾಸ್‌ಪೋರ್ಟ್ ಠಾಣೆಯ ಪೆಟ್ಟಿಗೆ ಸೇರಿತು. ಕಾನ್‌ಸ್ಟೇಬಲ್ ಮಗನ್‌ಭಾಯಿ ಸೂರತ್‌ಗೆ ಹೋಗಿ ಕತಾರ್‌ಗಾಮ್‌ನ ಅಂಗಡಿಗಳನ್ನೆಲ್ಲ ಜಾಲಾಡಿ ಬಂದ. ಅವನ ಕೈಗೆ ಸಿಕ್ಕಿದ್ದು ಒಂದು ಪೊಟ್ಟಣ ಘಾರಿ ಮಿಠಾಯಿ ಮಾತ್ರ.

ಬುಧವಾರ ಲಿಗಾಯಾಳ ಹೇಳಿಕೆ. ಅತ್ತು ಕಣ್ಣು ಬಾತಿದ್ದರೂ ಇಂಗ್ಲಿಷಿನಲ್ಲಿ ನೆಟ್ಟಗೆ ಉತ್ತರ ಕೊಟ್ಟಳು.

“ಆ ಪಟೋಲಾ ಯಾರಿಗೆ ಮಾರಿದಿ?”

“ಅದು ಪಟೋಲಾ ಅಲ್ಲ, ಹತ್ತಿಯೂ ಅಲ್ಲ. ನಮ್ಮಲ್ಲಿ ಬಾಳೆಯ ಜಾತಿಯ ಗಿಡವೊಂದಿದೆ, ಅದರ ನಾರು. ಅದನ್ನು ನೂಲುವುದಿಲ್ಲ, ತುದಿಗೆ ತುದಿ ಗಂಟು ಹಾಕುತ್ತಾರೆ. ನೇಯುವ ಮೊದಲೇ ಅಲ್ಲಲ್ಲಿ ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ದೋಣಿಯ ಹೆಸರನ್ನೇ ಊರಿಗಿಟ್ಟ ಜನ ನಾವು, ಬಾರಂಗೈ ಅಂತ. ಅದರ ಯಜಮಾನ ದಾತು. ಗುಹೆಯಲ್ಲಿ ಒಬ್ಬ ದಾತುವಿನ ಶವಕ್ಕೆ ಸುತ್ತಿದ್ದ ಹೊದಿಕೆ ಅದು. ಸ್ಪೇನಿನವರು ಬರುವ ಮೊದಲು ನಮಗೇನೂ ಗೊತ್ತಿರಲಿಲ್ಲ ಅನ್ನುತ್ತಾರಲ್ಲ, ಅವರಿಗೆ ತೋರಿಸಲು ನನ್ನ ಬಳಿ ಇದ್ದದ್ದು ಅದೊಂದೇ. ನಿನ್ನೆ ಮಂಗಳವಾರದ ನನ್ನ ಭಾಷಣದಲ್ಲಿ ಇದನ್ನೇ ಹೇಳುವುದಿತ್ತು.”

ಭೀಮಸೇನರು ಅವಳನ್ನೂ ನಂಬಲಿಲ್ಲ. ಆದರೆ ಭಾಷಣದ ಹಿಂದಿನ ದಿನವೇ ವಸ್ತ್ರ ಮಾಯವಾದದ್ದು ಅವರ ಮನಸ್ಸಿಗೆ ಒಗ್ಗಲಿಲ್ಲ. ಸಂಜೆ ಕೇಂದ್ರದಲ್ಲಿ ಪ್ರಾಧ್ಯಾಪಕರ ಕೋಣೆಗೆ ಹೋದರು. ಮೇಜಿನ ಮೇಲೆ ಭೂತಗನ್ನಡಿ, ಅದರ ಕೆಳಗೊಂದು ಎಳೆ.

ಕೇಳುವ ಮೊದಲೇ ಅನಂತರಾಮ ಹೇಳಿದರು: “ಅದು ನಮ್ಮನೆಯವಳು ಹೂ ಕಟ್ಟೋ ಬಾಳೆನಾರು ಸಾರ್.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಭೀಮಸೇನರು ಎಳೆ ಎತ್ತಿಕೊಂಡರು. ಮಧ್ಯೆ ಸಾಸಿವೆಯಷ್ಟು ಗಂಟು. ಮಲ್ಲಿಗೆ ಕಟ್ಟುವಾಗ ನಾರು ಸಾಲದಾದರೆ ಸಾವಿತ್ರಿಯೂ ಹೀಗೇ ಗಂಟು ಹಾಕುವುದುಂಟು. ಆದರೆ ಈ ಎಳೆ ಒಂದಷ್ಟು ದೂರ ಕೆಂಪು, ಆಮೇಲೆ ಬಿಳಿ, ಆಮೇಲೆ ಕಪ್ಪು.

“ಹೂ ಕಟ್ಟೋ ನಾರಿಗೆ ಯಾರ್ರೀ ಬಣ್ಣಾ ಹಾಕ್ತಾರ?”

ಅನಂತರಾಮ ಕನ್ನಡಕ ತೆಗೆದು ಒರೆಸತೊಡಗಿದರು.

ಗುರುವಾರ ಬೆಳಗ್ಗೆ ವಾರಂಟ್ ಹಿಡಿದು, ಇಬ್ಬರು ಪಂಚರನ್ನೂ ಗುರುತು ಹೇಳಲು ಲಿಗಾಯಾಳನ್ನೂ ಕರೆದುಕೊಂಡು ಅನಂತರಾಮರ ಮನೆ ಶೋಧಿಸಿದರು. ಅಟ್ಟ, ಬೀರು, ಹಾಸಿಗೆ, ಎಲ್ಲೂ ಇಲ್ಲ. ದೇವರ ಕೋಣೆಯಲ್ಲೊಂದು ಮರದ ಪೆಟ್ಟಿಗೆ. ಮಗನ್‌ಭಾಯಿ ಕೈ ಚಾಚಿದ್ದೇ ತಡ, ಪ್ರಾಧ್ಯಾಪಕರ ಹೆಂಡತಿ ಪದ್ಮಾ ಕೂಗಿದರು: “ಅದು ಮಡಿ ಪೆಟ್ಟಿಗೆ! ಮುಟ್ಬೇಡಿ!”

ಮಗನ್‌ಭಾಯಿ ಬೆಂಕಿ ಮುಟ್ಟಿದವನ ಹಾಗೆ ಹಿಂದೆ ಸರಿದ. ಮಡಿಯ ಮನೆಯಲ್ಲೇ ಬೆಳೆದ ಭೀಮಸೇನರಿಗೂ ಕೈ ಏಳಲಿಲ್ಲ. ಇದಕ್ಕಿಂತ ಭದ್ರವಾದ ತಿಜೋರಿ ಬೇರೆ ಯಾವುದಿದೆ ಎಂದು ಆಗಲೇ ಹೊಳೆದದ್ದು.

“ತಾಯಿ, ನೀವs ತಗೀರಿ.”

“ಬೇಡ ಪದ್ಮಾ,” ಎಂದರು ಅನಂತರಾಮ.

ಪದ್ಮಾ ಗಂಡನ ಮುಖ ನೋಡಿದರು. ಮದುವೆಯಾದಾಗಿನಿಂದ ಆ ಪೆಟ್ಟಿಗೆಯ ಗೊಡವೆಗೇ ಹೋಗದ ಮನುಷ್ಯ! ಅವರು ಮುಚ್ಚಳ ಎತ್ತಿದರು. ರೇಷ್ಮೆ ಸೀರೆಗಳ ಕೆಳಗಿಂದ ಕೆಂಪು ಕಪ್ಪು ಬಿಳಿಯ ಹಳೆಯ ಬಟ್ಟೆಯೊಂದು ಹೊರಬಂತು. ಬಾಗಿಲಲ್ಲಿ ನಿಂತ ಲಿಗಾಯಾ ಬಾಯಿಗೆ ಕೈ ಒತ್ತಿಕೊಂಡಳು.

“ಏನ್ರೀ ಇದು?” ಪದ್ಮಾ ಗಂಡನನ್ನು ಕೇಳಿದರು.

“ಹೆಣಕ್ಕ ಸುತ್ತಿದ್ದು, ತಾಯಿ,” ಎಂದರು ಭೀಮಸೇನ.

ಪದ್ಮಾ ಅದನ್ನು ಎಸೆಯುತ್ತಾರೆಂದು ಎಲ್ಲರೂ ಅಂದುಕೊಂಡರು. ಎಸೆಯಲಿಲ್ಲ. ಎರಡೂ ಕೈಯಲ್ಲಿ ಲಿಗಾಯಾಳ ಮುಂದೆ ಹಿಡಿದು ನಿಂತರು. ಆಮೇಲೆ ಗಂಡನ ಕಡೆ ತಿರುಗಿಯೂ ನೋಡದೆ ತಲೆಗೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋದರು.

ಪಂಚನಾಮೆ ಮುಗಿಸಿ, 12.20ಕ್ಕೆ ಅನಂತರಾಮರನ್ನು ಬಂಧಿಸಿದರು. ಜೀಪಿನಲ್ಲಿ ಅವರೇ ಮಾತು ತೆಗೆದರು.

“ಸುಟ್ಟು ಹಾಕ್ಬಹುದಿತ್ತು. ಮನಸ್ಸು ಬರ್ಲಿಲ್ಲ ಸಾರ್, ಅಷ್ಟು ಚೆನ್ನಾಗಿದೆ.”

“ಹಂಗಾದ್ರ ಕದ್ದದ್ದು ಯಾಕ್ರೀ?”

“ಆ ಜನಕ್ಕೆ ನೇಯೋದು ಕಲಿಸಿದ್ದೇ ಗುಜರಾತಿನ ಹಡಗಿನೋರು ಅಂತ ಇಪ್ಪತ್ತು ವರ್ಷ ಪಾಠ ಹೇಳಿದೀನಿ. ಪುಸ್ತಕ ಅಚ್ಚಿಗೆ ಹೋಗಿದೆ. ನಾವೇ ಅವ್ರಿಗೆ ಬಟ್ಟೆ ಉಡಿಸಿದ್ವಿ ಅಂತ ಬರ್ದಿದೀನಿ ಸಾರ್.” ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಅವ್ರು ಆಗ್ಲೇ ಉಟ್ಟಿದ್ರು.”

ಠಾಣೆ ಮುಟ್ಟಿದ ಮೇಲೆ ಭೀಮಸೇನರು ಮೊದಲು ಪೆಟ್ಟಿಗೆಯಿಂದ ಪಾಸ್‌ಪೋರ್ಟ್ ತೆಗೆದು, ಜೊತೆಗೇ ಬಂದಿದ್ದ ಲಿಗಾಯಾಳ ಕೈಗೆ ಕೊಟ್ಟರು.